ಆಸಿಡ್ ಜಾಡಿ ಮತ್ತು ಹದದ ಬೆರಳು

ನೇರಳೆ ಹಣ್ಣು ದೇವಲಾಪುರದ್ದು, ಬೆಲ್ಲ ಕ್ಯಾತನಹಳ್ಳಿಯದು, ವೈನು ಮಾಡುವ ಬುದ್ಧಿ ಹೊಸಹೊಳಲಿನಿಂದ ಬಂದದ್ದು. ಜಾಡಿ ನನ್ನದು. ನೆಂಟರ ಬಾಯಲ್ಲಿ ಈ ಸಂಗತಿ ಸುತ್ತಾಡುವಾಗ ಮೊದಲ ಮೂರು ಹಾಗೇ ಉಳಿದವು, ಕೊನೆಯದು ಬಿಟ್ಟುಹೋಯಿತು. ಅದಕ್ಕೇ ಅದನ್ನು ಮೊದಲೇ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ದುಡಿದು ನಿವೃತ್ತನಾದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ಚಿತ್ರಗಳಿಗೆ ಸತುವಿನ ಬ್ಲಾಕು ಮಾಡುವ ಒಂದು ಕೋಣೆಯಿತ್ತು. ತಗಡು ಕೊರೆಯಲು ಬೇಕಾದ ಆಸಿಡ್ಡು ದೊಡ್ಡ ಗಾಜಿನ ಜಾಡಿಗಳಲ್ಲಿ ಬರುತ್ತಿತ್ತು. ಹೊಟ್ಟೆ ದಪ್ಪ, ಕತ್ತು ಸಣ್ಣ, ಎರಡು ಬಿಂದಿಗೆ ನೀರು ಹಿಡಿಯುವಷ್ಟು ದೊಡ್ಡದು. ಪ್ರತಿ ಜಾಡಿಯೂ ಮರದ ಪಟ್ಟಿಗಳ ಗೂಡಿನಲ್ಲಿ, ಸುತ್ತ ಹುಲ್ಲು ತುರುಕಿಸಿಕೊಂಡು ಕೂತಿರುತ್ತಿತ್ತು. ಎತ್ತಬೇಕಾದರೆ ಇಬ್ಬರು ಗೂಡನ್ನು ಹಿಡಿದು ಎತ್ತುತ್ತಿದ್ದರು, ಗಾಜಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಹೊಸ ಯಂತ್ರ ಬಂದು ಬ್ಲಾಕಿನ ಕೋಣೆ ಮುಚ್ಚಿದಾಗ ಒಂದು ಖಾಲಿ ಜಾಡಿಯನ್ನು ಕೇಳಿ ಪಡೆದುಕೊಂಡೆ. ಗೂಡು ಸ್ಕೂಟರಿನ ಮೇಲೆ ಕೂರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಜಾಡಿಯನ್ನು ಗೋಣಿಚೀಲದಲ್ಲಿ ಸುತ್ತಿ ಶ್ರೀರಂಗಪಟ್ಟಣದ ಮನೆಗೆ ತಂದೆ. ಆಮೇಲೆ ಅದು ನಾನು ಕೆಲಸ ಬಿಡುವವರೆಗೂ ಅಟ್ಟದ ಮೇಲಿತ್ತು.

ದೇವಲಾಪುರದ ಹತ್ತಿರ ನಮಗೆ ರಾಗಿ, ಹುರುಳಿ ಬೆಳೆಯುವ ಒಂದಿಷ್ಟು ಹೊಲವಿದೆ. ಬದುವಿನ ಮೇಲೆ ಮೂರು ನೇರಳೆ ಮರ. ಹಣ್ಣಿನ ಕಾಲಕ್ಕೆ ಬದುವೆಲ್ಲ ಮಸಿ ಚೆಲ್ಲಿದ ಹಾಗೆ ಕಪ್ಪಾಗಿರುತ್ತದೆ. ತಿಂದವರು ತಿಂದರು, ಹಕ್ಕಿ ತಿಂದವು, ಉಳಿದದ್ದು ನೆಲಕ್ಕೆ. ನಿವೃತ್ತಿಯಾದ ಮೇಲೆ ಅಲ್ಲಿಗೆ ಹೆಚ್ಚಾಗಿ ಹೋಗತೊಡಗಿದೆ, ಆ ನೆಲವನ್ನು ನೋಡಿ ನೋಡಿ ಇದಕ್ಕೇನಾದರೂ ಮಾಡಬೇಕು ಅನ್ನಿಸಿತು.

ಹೊಸಹೊಳಲಿನಲ್ಲಿ ನನ್ನ ಹೈಸ್ಕೂಲಿನ ಗೆಳೆಯನೊಬ್ಬನಿದ್ದಾನೆ. ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವನು. ದೇವಸ್ಥಾನದ ಹಿಂದಿನ ಓಣಿಯಲ್ಲಿ ಅವನ ಮನೆ. ಅವನು ಪ್ರತಿ ವರ್ಷ ಸ್ವಲ್ಪ ದ್ರಾಕ್ಷಿಯ ವೈನು ಮಾಡುತ್ತಾನೆ, ಸ್ಟೀಲಿನ ಹಾಲಿನ ಕ್ಯಾನಿನಲ್ಲಿ. ಇಂಥದಕ್ಕೆ ಅಬಕಾರಿಯ ಕಾನೂನು ಏನು ಹೇಳುತ್ತದೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು. ಅವನ ಹತ್ತಿರ ವಿಧಾನ ಕೇಳಿದೆ, ನನ್ನ ಹತ್ತಿರ ಜಾಡಿಯಿದೆ ಎಂದೂ ಹೇಳಿದೆ.

"ಗಾಜಾ? ಬ್ಯಾಡ ಕಣಯ್ಯ," ಅಂದ.

"ಯಾಕೆ? ಒಳಗೆ ಏನು ನಡೀತದೆ ಅಂತ ಕಾಣ್ತದಲ್ಲ."

"ಕಾಣೋದೊಂದೇ ಅದರ ಗುಣ. ಮಿಕ್ಕಿದ್ದೆಲ್ಲ ಅವಗುಣ." ಅಂಗಿಯ ತೋಳು ಮಡಚಿ ಮೊಣಕೈಯ ಕೆಳಗಿನ ಒಂದು ಗೆರೆ ತೋರಿಸಿದ. ಹಳೆಯ ಗಾಯ, ಬಿಳಿಚಿಕೊಂಡಿತ್ತು. "ಇದು ಲ್ಯಾಬಲ್ಲಿ ಆಗಿದ್ದು. ಖಾಲಿ ಜಾಡಿ. ತುಂಬಿದ್ದಿದ್ರೆ ನಿನ್ನ ಮುಂದೆ ಒಂಟಿ ಕೈಯಲ್ಲಿ ಕಾಪಿ ಕುಡೀತಿದ್ದೆ."

ನಾನು ಹಟ ಬಿಡದ್ದನ್ನು ಕಂಡು ಅವನೇ ಒಂದೊಂದಾಗಿ ಹೇಳಿದ. ಬಿಸಿ ಬೆಲ್ಲದ ನೀರು ಹುಯ್ಯಬೇಡ, ತಣ್ಣನೆ ಗಾಜು ಚಿಟ್ ಅಂತದೆ. ಮರಳು, ಕಲ್ಲು ಹಾಕಿ ಉಜ್ಜಬೇಡ, ಒಳಗೆ ಗೀರು ಬಿದ್ದರೆ ಅಲ್ಲಿಂದಲೇ ಸೀಳು ಬರುತ್ತದೆ. ಹುದುಗೆದ್ದ ಮೇಲೆ ಅದು ಉಸಿರು ಬಿಡುತ್ತಲೇ ಇರುತ್ತದೆ, ಬಾಯಿ ಕಟ್ಟಿದರೆ ಆ ಉಸಿರು ಗಾಜನ್ನು ಒಡೆದುಕೊಂಡು ಬರುತ್ತದೆ. ತುಂಬಿದ ಜಾಡಿಯನ್ನು ಕತ್ತು ಹಿಡಿದು ಎತ್ತಬೇಡ. "ಎತ್ಲೇಬ್ಯಾಡ. ಇಟ್ಟ ಜಾಗದಲ್ಲೇ ಹೆರಿಗೆ ಆಗ್ಲಿ."

ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ವೃತ್ತಿಯ ಅಭ್ಯಾಸ. ಬರೆದುಕೊಂಡದ್ದನ್ನು ಯಾರಿಗೂ ಓದಿ ಹೇಳಲಿಲ್ಲ.

ಶ್ರೀರಂಗಪಟ್ಟಣದ ನಮ್ಮ ಮನೆ ಮಹಡಿಯ ಮೇಲಿನದು, ಬೇಸಿಗೆ ಮುಗಿದರೂ ಧಗೆ ಹೋಗುವುದಿಲ್ಲ. ನನ್ನ ಹೆಂಡತಿಯೂ "ಅದೊಂದು ವಾಸನೆ ಮನೆಯೊಳಗೆ ಬ್ಯಾಡ" ಎಂದಳು. ಹೀಗಾಗಿ ಜಾಡಿ ಕ್ಯಾತನಹಳ್ಳಿಗೆ, ನಮ್ಮಕ್ಕನ ಮನೆಗೆ ಹೋಯಿತು. ಅವರ ರಾಗಿ ಮೂಟೆ ಇಡುವ ಕೋಣೆ ಮಧ್ಯಾಹ್ನದಲ್ಲೂ ತಣ್ಣಗಿರುತ್ತದೆ. ಭಾವನಿಗೂ ಇದರಲ್ಲಿ ಕುತೂಹಲವಿತ್ತು. ಅವರು ಕುಡಿಯುವವರಲ್ಲ. ತಮ್ಮ ಬೆಲ್ಲದಿಂದ ಹೊಸದೊಂದು ಆಗುತ್ತದೆ ಎಂಬುದೇ ಅವರಿಗೆ ಸಾಕಾಗಿತ್ತು.

ಭಾವನ ಬೆಲ್ಲದ ಬಗ್ಗೆ ಇಲ್ಲಿ ಹೇಳಬೇಕು. ಅವರದು ಊರಾಚೆ ಒಂದು ಚಿಕ್ಕ ಆಲೆಮನೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗುತ್ತದೆ. ಆ ಪಾಕವನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂಬುದೇ ಇಡೀ ಕೆಲಸದ ಕೀಲಿ. ಬೇಗ ಇಳಿಸಿದರೆ ಬೆಲ್ಲ ಅಂಟಂಟಾಗಿ ಅಚ್ಚು ಬಿಡುವುದಿಲ್ಲ, ತಡವಾದರೆ ಸೀದು ಕಪ್ಪಾಗುತ್ತದೆ. ಭಾವ ಬಲಗೈಯ ಹೆಬ್ಬೆರಳು, ತೋರುಬೆರಳನ್ನು ತಣ್ಣೀರಿಗೆ ಅದ್ದಿ, ಸೌಟಿನ ಅಂಚಿನಿಂದ ಚಿಟಿಕೆ ಪಾಕ ತೆಗೆದು, ಮತ್ತೆ ನೀರಿಗೆ ಅದ್ದಿ ಉರುಳಿಸುತ್ತಿದ್ದರು. ಕಣ್ಣು ಬೇರೆಲ್ಲೋ ಇರುತ್ತಿತ್ತು. ಎರಡು ಸುತ್ತು ಉರುಳಿಸಿ, "ಇಳುಸ್ರಲಾ" ಎಂದರೆ ಇಳಿಸುವುದೇ. ಸುತ್ತಲಿನ ಎರಡು ಮೂರು ಆಲೆಮನೆಯವರೂ ಅವರನ್ನು ಹದ ನೋಡಲು ಕರೆಯುತ್ತಿದ್ದರು. ನಲವತ್ತು ವರ್ಷದಲ್ಲಿ ಆ ಎರಡು ಬೆರಳಿನ ತುದಿ ಬೇರೆ ಬಣ್ಣಕ್ಕೆ ತಿರುಗಿತ್ತು.

ನಾನು ಜಾಡಿ ಇಳಿಸಿದ ದಿನ ಅಕ್ಕ ಅದನ್ನು ಒಮ್ಮೆ ಸುತ್ತು ಬಂದು ನೋಡಿದಳು.

"ಆಸಿಡ್ಡಿಂದು ಅಂತೀಯ. ತೊಳ್ದಿದ್ದೀಯೇನ್ಲಾ?"

"ಹತ್ತು ಸಲ ತೊಳ್ದಿದೀನಿ ಅಕ್ಕ."

"ನೀನು ತೊಳ್ಯೋದು ನಂಗೊತ್ತಿಲ್ವ? ಚಿಕ್ಕೋನಿದ್ದಾಗಿಂದ ನಿನ್ ತಟ್ಟೆ ತೊಳ್ದೋಳು ನಾನು."

ಒಂದು ಹಿಡಿ ನುರುಜು ಕಲ್ಲು, ಒಲೆಯ ಬೂದಿ, ನೀರು ಹಾಕಿ ಜಾಡಿಯನ್ನು ಅಡ್ಡ ಮಲಗಿಸಿ ಉರುಳಿಸಿದಳು. ಉಪ್ಪಿನಕಾಯಿಯ ಜಾಡಿಗೆ ಅವಳು ಮಾಡುವುದು ಹಾಗೆಯೇ. ಕಲ್ಲು ಗಾಜಿನ ಮೇಲೆ ಗರಗರ ಎನ್ನುವುದು ನನಗೆ ಕೇಳಿಸುತ್ತಿತ್ತು. ನೋಟ್‌ಪುಸ್ತಕ ಜೇಬಿನಲ್ಲಿತ್ತು. ಅಕ್ಕ ತೊಳೆಯುವಾಗ ಅಡ್ಡ ಬಾಯಿ ಹಾಕಿದರೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಸುಮ್ಮನಿದ್ದೆ.

ಬೆಲ್ಲದ ನೀರನ್ನು ಮಾತ್ರ ಆರಿಸಿಯೇ ಹಾಕಿದೆವು. ಹಿಚುಕಿದ ನೇರಳೆ, ಬೆಲ್ಲದ ನೀರು, ಗೆಳೆಯ ಕೊಟ್ಟ ಯೀಸ್ಟು. ಜಾಡಿ ಮುಕ್ಕಾಲು ತುಂಬಿತು. ಬಿರಡೆಗೆ ತೂತು ಮಾಡಿ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಪಕ್ಕದ ನೀರಿನ ಬಾಟಲಿಯಲ್ಲಿ ಅದ್ದಿದೆ. ಒಳಗಿನ ಉಸಿರು ಆ ದಾರಿಯಲ್ಲಿ ಹೋಗಲಿ, ಹೊರಗಿನ ಗಾಳಿ ಒಳಗೆ ಬರದಿರಲಿ ಎಂದು. ಎರಡನೆಯ ದಿನಕ್ಕೆ ಬಾಟಲಿಯಲ್ಲಿ ಗುಳುಗುಳು ಶುರುವಾಯಿತು. ಭಾವ ಆಲೆಮನೆಯಿಂದ ಬಂದವರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರಂತೆ.

"ನಿಮ್ ಭಾವ ಟಿವಿ ನೋಡೋದ್ನೇ ಬುಟ್ಬುಟ್ಟವ್ರೆ," ಎಂದು ಅಕ್ಕ ಫೋನಿನಲ್ಲಿ ನಕ್ಕಳು.

ಆರನೆಯ ದಿನ ನೊರೆ ಉಕ್ಕಿ ಬಿರಡೆಯ ಪಕ್ಕದಿಂದ ಇಳಿಯಿತು. ಸಿಹಿ ಇದ್ದ ಮೇಲೆ ಇರುವೆ ಬರುತ್ತದೆ. ಕೊಳವೆಯ ಉದ್ದಕ್ಕೂ ಸಾಲು. ಬಿರಡೆಯ ಸುತ್ತ ಗೊಂಡೆ. ಅಕ್ಕ ಅರಿಸಿನ ಹಾಕಿದಳು, ಸೀಮೆಎಣ್ಣೆ ಬಟ್ಟೆ ಇಟ್ಟಳು. ಹೋಗಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಫೋನು ಮಾಡಿದಳು. ನಾನು ಪತ್ರಿಕೆ ಓದುತ್ತಿದ್ದೆ.

"ನಿನ್ನೆ ಸಾಯಂಕಾಲ ಇರುವೆ ಕಾಟ ಮುಗೀತು ಕಣ್ಲಾ. ಆ ಕೊಳವೆ ಕಿತ್ತು ತೊಳ್ದು ಮಡಗಿದೀನಿ. ತೂತಿಗೆ ರಾಗಿ ಹಿಟ್ಟು ಕಲ್ಸಿ ಮೆತ್ತಿ, ಮೇಲೆ ಬಟ್ಟೆ ಕಟ್ಟಿ ಹುರಿ ಬಿಗ್ದಿದೀನಿ. ಇನ್ ಒಂದಿರುವೆ ಹೋಗ್ಲಿ ನೋಡಾನ."

"ಸರಿ ಬುಡಕ್ಕ," ಎಂದೆ.

ಒಂದು ಪುಟ ಓದುವಷ್ಟು ಹೊತ್ತು ಕಳೆದಿರಬೇಕು. ಆಗ ಹೊಳೆಯಿತು. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲ ಅಕ್ಕ ಕೊಟ್ಟಿಗೆಯಿಂದ ಬಂದು ಎತ್ತಿದಳು.

"ಜಾಡಿ ಬಾಯಿ ಬಿಚ್ಚಬ್ಯಾಡಿ. ನಾನು ಬತ್ತಾ ಇದೀನಿ."

"ಯಾಕ್ಲಾ? ಏನಾಯ್ತು?"

"ಬಂದು ಹೇಳ್ತೀನಿ. ಬಿಚ್ಚಬ್ಯಾಡಿ ಅಷ್ಟೇ."

ಈ ಮಾತನ್ನು ಆಮೇಲೆ ಎಷ್ಟೋ ಸಲ ತೂಗಿ ನೋಡಿದ್ದೇನೆ. ಬಿಚ್ಚಬೇಡಿ ಎಂದೆ. ಎತ್ತಬೇಡಿ ಎನ್ನಲಿಲ್ಲ. ಕೋಣೆಗೆ ಹೋಗಬೇಡಿ ಎನ್ನಲಿಲ್ಲ. ಅರ್ಧ ಸೂಚನೆ ಕೊಟ್ಟು ಸ್ಕೂಟರು ಹತ್ತಿದೆ. ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ನಿಧಾನವಾಗಿ ಹೋಗಬೇಕಾಯಿತು.

ನಾನು ಅವರ ಮನೆಯ ಮುಂದೆ ಸ್ಕೂಟರಿಗೆ ಸ್ಟ್ಯಾಂಡು ಹಾಕುವಾಗ ಭಾವ ಜಾಡಿಯನ್ನು ಎದೆಗೆ ಅವುಚಿಕೊಂಡು ನಡುಮನೆ ದಾಟಿ ಬರುತ್ತಿದ್ದರು. ಎಡಗೈ ತಳದ ಕೆಳಗೆ, ಬಲಗೈ ಕತ್ತಿಗೆ. ಬಾಯಿಗೆ ಕಟ್ಟಿದ ಬಟ್ಟೆ ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಆ ಕೋಣೆಗೆ ಹಿಂದಿನ ತಿಂಗಳಷ್ಟೇ ಸುಣ್ಣ ಹೊಡೆಸಿದ್ದರು. ನಾನು ಬಂದು ಬಿಚ್ಚುವಾಗ ಗೋಡೆಗೆ ನೇರಳೆ ಕಲೆಯಾಗಬಾರದು, ಬಾಮೈದನಿಗೂ ಕೆಲಸ ಸುಲಭವಾಗಲಿ ಎಂದು ಹೊರಗೆ ತರುತ್ತಿದ್ದರು.

"ಬಂದ್ಯಾ? ನೋಡು, ನಿಂಗೆ ಅಂತ್ಲೇ ಹೊತ್ಕೊಂಡ್ ಬಂದಿವ್ನಿ," ಎಂದರು.

"ಭಾವ, ಅಲ್ಲೇ ನಿಲ್ಲಿ," ಎಂದು ಕೂಗಿದೆ.

ಅವರು ನಿಲ್ಲುವ ಬದಲು ಇಳಿಸಲು ಬಗ್ಗಿದರು. ತಳ ಜಗಲಿಯ ಕಲ್ಲಿಗೆ ತಾಗಿತು. ಜೋರಾಗಿ ಕುಕ್ಕಲಿಲ್ಲ, ಮೆಲ್ಲಗೇ ಇಟ್ಟರು. ಟಪ್ ಎಂದಿತು, ತೆಂಗಿನಕಾಯಿ ಒಡೆದ ಹಾಗೆ. ಜಾಡಿಯ ಹೊಟ್ಟೆ ಇರಲಿಲ್ಲ. ಜಗಲಿ, ಮೆಟ್ಟಿಲು, ಭಾವನ ಪಂಚೆ ಎಲ್ಲ ನೇರಳೆ ಬಣ್ಣ. ಅವರ ಬಲಗೈಯಲ್ಲಿ ಜಾಡಿಯ ಕತ್ತು ಹಾಗೇ ಉಳಿದಿತ್ತು. ಬಿರಡೆ, ರಾಗಿ ಹಿಟ್ಟು, ಬಟ್ಟೆ, ಹುರಿ ಎಲ್ಲ ಸರಿಯಾಗಿತ್ತು.

ಅಕ್ಕ ಒಳಗಿಂದ ಓಡಿಬಂದಳು. ಮೂವರೂ ಸ್ವಲ್ಪ ಹೊತ್ತು ನೆಲವನ್ನೇ ನೋಡಿದೆವು. ಹಣ್ಣು ಹೋಯಿತಲ್ಲ ಎಂದು ನಾನು ಅಂದುಕೊಂಡದ್ದು ನಿಜ. ಭಾವ ಕತ್ತನ್ನು ಕೆಳಗಿಟ್ಟು ಕೈ ಕೊಡವಿದರು. ಕೈ ತುಂಬ ನೇರಳೆ ರಸ. ಅಕ್ಕ ಚೊಂಬಿನಿಂದ ನೀರು ಹುಯ್ದಳು. ಬಣ್ಣ ಹೋಗಲಿಲ್ಲ. ಇನ್ನೊಂದು ಚೊಂಬು ಹುಯ್ದಳು.

"ಈ ನೇರಳೆ ಎಂಗ್ ಅಂಟ್ಕತದೆ ನೋಡು," ಎಂದಳು.

ಭಾವ ಕೈಯನ್ನೇ ನೋಡುತ್ತ ನಿಂತಿದ್ದರು. "ಇದು ಬೆಚ್ಚಗದೆ ಕಣೆ," ಎಂದರು. "ಹಣ್ಣಿನ ರಸ ತಣ್ಣಗಿತ್ತು."

ಹಾಗೆ ನಮಗೆ ಗೊತ್ತಾಯಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಆಳವಾಗಿ ಸೀಳಿತ್ತು. ರಸ, ರಕ್ತ ಎರಡರ ಬಣ್ಣವೂ ಒಂದೇ ಆಗಿದ್ದರಿಂದ ಎಷ್ಟು ರಕ್ತ ಹೋಗಿದೆಯೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಅಕ್ಕನ ಟವೆಲು ಬಿಗಿದು ಕಟ್ಟಿ, ಕೈಯನ್ನು ಮೇಲೆತ್ತಿ ಹಿಡಿಸಿ, ಪಕ್ಕದ ಮನೆಯವರ ಕಾರಿನಲ್ಲಿ ಪಾಂಡವಪುರಕ್ಕೆ, ಅಲ್ಲಿ ಕಟ್ಟು ಹಾಕಿಸಿಕೊಂಡು ಮೈಸೂರಿಗೆ ಹೋದೆವು.

ಮೈಸೂರಿನ ಡಾಕ್ಟರು ಸಾವಧಾನದ ಮನುಷ್ಯ. ಹೊಲಿಗೆ ಮುಗಿಸಿ ಬಂದು ಹೇಳಿದರು. "ಬೆರಳು ಮಡಚೋಕೆ ತೊಂದರೆ ಇಲ್ಲ. ಆದರೆ ಸ್ಪರ್ಶದ ನರ ಎರಡು ಕಡೆ ತುಂಡಾಗಿತ್ತು, ಜೋಡಿಸಿದೀನಿ. ನರ ಬೆಳೆಯೋದು ತುಂಬ ನಿಧಾನ, ತಿಂಗಳುಗಟ್ಟಲೆ ಹಿಡಿಯುತ್ತೆ. ಎಷ್ಟು ಬರುತ್ತೆ ಅಂತ ಈಗ ಹೇಳೋಕಾಗಲ್ಲ."

ಭಾವ ಕೇಳಿದ್ದು ಒಂದೇ. "ಪಾಕ ತೆಗೀಬೋದಾ ಸಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವರು ಗಂಭೀರವಾದರು. "ಬಿಸಿ ಮುಟ್ಟಲೇಬೇಡಿ. ಸುಟ್ಟರೂ ನಿಮಗೆ ಗೊತ್ತಾಗಲ್ಲ."

ಮಾರನೆಯ ವಾರ ಹೋದಾಗ ಜಗಲಿ ತೊಳೆದಿತ್ತು, ಕಲ್ಲಿನ ಕಲೆ ಮಾತ್ರ ಉಳಿದಿತ್ತು. ಜಾಡಿಯ ಕತ್ತನ್ನು ಭಾವ ಕಿಟಕಿಯ ಮೇಲೆ ಇಟ್ಟಿದ್ದರು. ರಾಗಿ ಹಿಟ್ಟು ಒಣಗಿ ಸಿಮೆಂಟಿನಂತಾಗಿತ್ತು.

"ನೋಡ್ಲಾ ಬಾಮೈದ, ನಿಮ್ಮಕ್ಕ ಹಾಕಿದ ಬಿಗಿಯ," ಎಂದರು. "ಜಾಡಿ ಒಡೆದೋದ್ರೂ ಬಾಯಿ ಬುಡ್ನಿಲ್ಲ."

ಅಕ್ಕ ನಗಲಿಲ್ಲ. ಎದ್ದು ಒಳಗೆ ಹೋದಳು.

ನೆಂಟರು ಬಂದಾಗಲೆಲ್ಲ ಇರುವೆಯಿಂದ ಹೀಗಾಯಿತೆಂದು ಹೇಳುವುದು ರೂಢಿಯಾಯಿತು. ಇರುವೆಯಾದರೆ ಯಾರ ಮನಸ್ಸಿಗೂ ನೋವಿಲ್ಲ. ನಾನೂ ಎರಡು ಸಲ ಹಾಗೇ ಹೇಳಿದ್ದೇನೆ.

ಕಟ್ಟು ಬಿಚ್ಚಿದ ಮೇಲೆ ಪರೀಕ್ಷೆ ಶುರುವಾಯಿತು. ಭಾವ ಕಣ್ಣು ಮುಚ್ಚಿ ಕೈ ಚಾಚಬೇಕು, ಅಕ್ಕ ಬೆರಳಿನ ತುದಿಗೆ ಏನಾದರೂ ಇಡಬೇಕು, ಅವರು ಹೇಳಬೇಕು. ಡಾಕ್ಟರು ಹತ್ತಿ, ಸೂಜಿಯ ಮೊಂಡು ತುದಿ ಎಂದಿದ್ದರು. ಅಕ್ಕ ಮನೆಯಲ್ಲಿದ್ದದ್ದನ್ನೆಲ್ಲ ತಂದಳು: ಹುರುಳಿ, ಸಾಸಿವೆ, ಕೋಳಿಯ ಪುಕ್ಕ, ಬೆಲ್ಲದ ಪುಡಿ. ನಾನು ವಾರಕ್ಕೊಮ್ಮೆ ಹೋಗಿ ಬರೆದುಕೊಳ್ಳುತ್ತಿದ್ದೆ.

"ಏನಿದು?"

"ಏನೂ ಇಟ್ಟಿಲ್ಲ ನೀನು."

"ಹುರುಳಿ ಇಟ್ಟಿವ್ನಿ."

"ಅಂಗಾರೆ ಹುರುಳಿ ಅಂತ ಬರ್ಕಳ್ಳಿ ನಿನ್ ತಮ್ಮ."

ಮೊದಲ ತಿಂಗಳ ಪುಟಗಳಲ್ಲಿ ಹೆಬ್ಬೆರಳು, ತೋರುಬೆರಳು ಎರಡರ ಮುಂದೆಯೂ ಇಲ್ಲ, ಇಲ್ಲ, ಇಲ್ಲ ಎಂದೇ ಇದೆ. ಆಲೆಮನೆಯಲ್ಲಿ ಎಡಗೈಯಿಂದ ಹದ ನೋಡಿದರು. ಎರಡು ಕೊಪ್ಪರಿಗೆ ಬೆಲ್ಲ ಅಚ್ಚಿನಿಂದ ಬಿಡಲೇ ಇಲ್ಲ, ಸೌಟಿನಿಂದ ಕೆರೆದು ತೆಗೆಯಬೇಕಾಯಿತು. "ಈ ಎಡಗೈಗೆ ಬುದ್ಧಿ ಇಲ್ಲ ಕಣ್ಲಾ," ಎಂದರು ನನಗೆ. "ಏನ್ ಕೊಟ್ರೂ ಬೆಲ್ಲನೇ ಅಂತದೆ." ಬೇರೆ ಆಲೆಮನೆಯವರು ಕರೆಯುವುದನ್ನು ನಿಲ್ಲಿಸಿದರು. ಕೈ ವಾಸಿಯಾಗಲಿ ಎಂದೇ ನಿಲ್ಲಿಸಿದ್ದು, ಅದರಲ್ಲಿ ಬೇರೆ ಉದ್ದೇಶವಿರಲಿಲ್ಲ. ಆದರೂ ಭಾವ ಸಂಜೆಯ ಹೊತ್ತು ಅತ್ತ ಕಡೆಯ ಹೊಗೆಯನ್ನು ನೋಡುತ್ತ ಕೂರುತ್ತಿದ್ದರು.

ಆ ದಿನಗಳಲ್ಲಿ ಹೊಸಹೊಳಲಿಗೆ ಹೋಗಿ ಗೆಳೆಯನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. "ಇಟ್ಟ ಜಾಗದಲ್ಲೇ ಬುಟ್ಟು, ದಪ್ಪ ಕಂಬಳಿ ನೆನೆಸಿ ಮೇಲೆ ಹೊದಿಸಿ, ಒಂದ್ ಉದ್ದ ತಂತಿ ತಗೊಂಡು ಹಿಟ್ಟು ಚುಚ್ಚಿದ್ರೆ ಉಸ್ರು ಹೋಗದು. ಅಷ್ಟೇ ಕೆಲ್ಸ," ಎಂದ. ಆಮೇಲೆ "ನಾನು ಹೇಳಿದ್ನ ಅವರಿಗೆ ಹೇಳಿದ್ಯಾ?" ಎಂದು ಕೇಳಿದ.

"ಇಲ್ಲ."

"ಬರ್ಕೊಂಡಿದ್ದೆ."

"ಬರ್ಕೊಂಡಿದ್ದೆ."

ಅವನು ಎದ್ದು ಒಳಗೆ ಹೋಗಿ ಕಾಫಿ ತಂದುಕೊಟ್ಟ.

ಮೂರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಕ್ಯಾತನಹಳ್ಳಿಯಲ್ಲಿ ಊಟಕ್ಕೆ ಕೂತಿದ್ದೆವು. ಗಾಯವಾದಂದಿನಿಂದ ಅಕ್ಕ ಭಾವನ ಮುದ್ದೆಯನ್ನು ತಟ್ಟೆಗೆ ಹಾಕಿ, ಆರಿದೆಯೇ ಎಂದು ತಾನು ಮುಟ್ಟಿ ನೋಡಿ ಕೊಡುತ್ತಿದ್ದಳು. ಅಂದು ತಟ್ಟೆ ಕೊಡುವಾಗ ಅವಳ ಕೈ ಅಲ್ಲೇ ನಿಂತಿತು.

"ಇದೇನು?"

"ಯಾವ್ದು?"

ಹೆಬ್ಬೆರಳಿನ ತುದಿಯಲ್ಲಿ ಅವರೆಕಾಳಿನ ಗಾತ್ರದ ಬೊಬ್ಬೆ. ತೋರುಬೆರಳಿನ ಮೇಲೆ ಅದಕ್ಕಿಂತ ಚಿಕ್ಕದು. ಭಾವ ಕೈ ತಿರುಗಿಸಿ ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. ಬೆಳಿಗ್ಗೆ ಯಾರಿಗೂ ಹೇಳದೆ ಬಲಗೈಯಿಂದ ಪಾಕ ತೆಗೆದಿದ್ದರು. ಸುಟ್ಟದ್ದು ಅವರಿಗೆ ತಿಳಿದಿರಲಿಲ್ಲ.

ಅಕ್ಕ ಬೆಣ್ಣೆ ತಂದು ಹಚ್ಚಲು ಹೋದಳು. ನಾನು ತಡೆದು ತಣ್ಣೀರಿನಲ್ಲಿ ಕೈ ಇಡಿಸಿದೆ. ಭಾವ ಊಟ ಅರ್ಧಕ್ಕೆ ಬಿಟ್ಟು ಜಗಲಿಗೆ ಹೋದರು. ಅಕ್ಕ ತಟ್ಟೆಯ ಮುಂದೆಯೇ ಕೂತು, "ನನ್ ಕೈಯಿಂದ ಆಯ್ತು ಕಣ್ಲಾ," ಎಂದಳು. ಇಷ್ಟು ತಿಂಗಳಲ್ಲಿ ಅವಳು ಅದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ನಾನು ನೋಟ್‌ಪುಸ್ತಕ ತೆಗೆದೆ. ಮೊದಲ ಪುಟಗಳಲ್ಲಿ ಹೊಸಹೊಳಲಿನಲ್ಲಿ ಬರೆದುಕೊಂಡದ್ದನ್ನು ಅವಳಿಗೆ ಓದಿ ಹೇಳಿದೆ. ಕಲ್ಲು ಹಾಕಿ ಉಜ್ಜಬಾರದು. ಬಾಯಿ ಕಟ್ಟಬಾರದು. ಎತ್ತಬಾರದು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಎಂದೆ. ಜಾಡಿಯ ಮರದ ಗೂಡನ್ನು ಬಿಟ್ಟು ಬಂದದ್ದನ್ನೂ ಹೇಳಿದೆ.

"ಯಾಕ್ ಹೇಳ್ನಿಲ್ಲ?"

"ಹೇಳಿದ್ರೆ ನೀನು ಕೇಳ್ತಿರಲಿಲ್ಲ ಅಂದ್ಕೊಂಡೆ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಬೈತಿದ್ದೆ," ಎಂದಳು. "ಬೈದು ಆಮ್ಯಾಕೆ ಕೇಳ್ತಿದ್ದೆ."

ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವವನು ಭಾವನ ಜೊತೆ ಚಿಕ್ಕಂದಿನಿಂದ ಬೆಳೆದವನು. ಬೊಬ್ಬೆಯ ಸುದ್ದಿ ಕೇಳಿ ಸಂಜೆ ಬಂದ. ಜಗಲಿಯ ಮೇಲೆ ಭಾವನ ಪಕ್ಕ ಕೂತು ಕೈಯನ್ನು ಎಳೆದು ನೋಡಿದ.

"ಲೇ, ಒಳ್ಳೆ ಬೆಂದಿರೋ ಬೆಂಡೆಕಾಯಿ ಆಗದಲ್ಲೋ ಇದು. ಇನ್ಮ್ಯಾಕೆ ನೀನು ಉರಿ ಹಾಕು, ನಾನು ಹದ ನೋಡ್ತೀನಿ."

"ನೀನು ಹದ ನೋಡಿದ್ರೆ ಬೆಲ್ಲ ಸೌಟಲ್ಲಿ ಕುಡೀಬೇಕಾಯ್ತದೆ ಕಣ್ಲಾ."

"ನಿಂದೇನು ಅಚ್ಚಿಂದ ಎದ್ ಬಂದಿತ್ತಾ?" ಎಂದು ನಕ್ಕ. ಒಳಗೆ ತಿರುಗಿ ಅಕ್ಕನಿಗೆ ಕೇಳಿಸುವ ಹಾಗೆ ಹೇಳಿದ. "ಅಲ್ಲಾ, ಮನೇಲೇ ಹದಗಾರ್ತಿ ಮಡೀಕಂಡು ಇವ್ನು ಬೆರಳು ಸುಟ್ಕತಾವ್ನೆ. ಅಕ್ಕಯ್ಯ ಕಜ್ಜಾಯಕ್ಕೆ ಪಾಕ ತೆಗೀತದಲ್ಲ, ಅದಕ್ಕೂ ಇದಕ್ಕೂ ಏನ್ಲಾ ವ್ಯತ್ಯಾಸ?"

ತಮಾಷೆಗೆ ಅಂದದ್ದು. ಆದರೆ ನಮ್ಮ ಕಡೆಯ ಯಾರೇ ಆಗಲಿ ಅದನ್ನು ತಳ್ಳಿಹಾಕಲಾರರು. ಕಜ್ಜಾಯದ ಪಾಕವನ್ನೂ ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉರುಳಿಸಿಯೇ ನೋಡುವುದು. ಅಕ್ಕನ ಕಜ್ಜಾಯ ಒಡೆದದ್ದನ್ನು ನಾನು ಕಂಡಿಲ್ಲ. ಹಬ್ಬದ ಹಿಂದಿನ ದಿನ ಬೀದಿಯ ನಾಲ್ಕು ಮನೆಯವರು ಪಾಕ ತೋರಿಸಲು ಅವಳನ್ನು ಕರೆದೊಯ್ಯುತ್ತಾರೆ.

"ಥೂ, ಗಂಡಸರ ಕೊಪ್ಪರಿಗೆ ಹತ್ರ ನಂಗೇನ್ ಕೆಲ್ಸ," ಎಂದಳು ಒಳಗಿನಿಂದ. ಭಾವ ತಿರುಗಿ ಒಳಗಿನ ಕಡೆ ನೋಡಿದರು.

ಎರಡು ದಿನದ ಮೇಲೆ ನಾನು ಹೋದಾಗ ಮನೆಗೆ ಬೀಗ ಹಾಕಿತ್ತು. ಆಲೆಮನೆಗೆ ನಡೆದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಪ್ಪರಿಗೆಯಿಂದ ಒಂದು ಮಾರು ದೂರ ನಿಂತಿದ್ದಳು, ಕೈಯಲ್ಲಿ ನೀರಿನ ಬಟ್ಟಲು. ಭಾವ ಸೌಟಿನಲ್ಲಿ ಪಾಕ ತೆಗೆದು ಅವಳ ಬಟ್ಟಲಿಗೆ ಬಿಟ್ಟರು. ಅವಳು ಉರುಳಿಸಿದಳು. ಭಾವ ಬೆಲ್ಲದ ಗುಳ್ಳೆಗಳನ್ನೂ ಅವಳ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದರು.

"ಎಂಗದೆ?"

"ಕಜ್ಜಾಯದ ಹದ ಬಂತು."

"ಅದರ ಮುಂದಕ್ಕೆ ಹೋಗ್ಬೇಕು. ಉಂಡೆ ಕಟ್ಟಿ ಬಟ್ಟಲಿಗೆ ಹೊಡುದ್ರೆ ಟಣ್ ಅನ್ಬೇಕು."

"ಅಷ್ಟು ಗಟ್ಟಿಯಾ? ಹಲ್ಲು ಹೋಗ್ತದೆ."

"ನಿನ್ ಹಲ್ಲಿಗಲ್ಲ ಕಣೆ, ಅಚ್ಚಿಗೆ."

ಉರಿ ಹಾಕುವವನು ಒಲೆಯ ಬಾಯಿಂದ ಮುಖ ಹೊರಗೆ ಹಾಕಿ, "ಗಂಡ ಹೆಂಡ್ತಿ ಜಗಳ ಮುಗ್ಸಿ, ಪಾಕ ಸೀದೋಯ್ತದೆ," ಎಂದ. ಮೊದಲ ಕೊಪ್ಪರಿಗೆ ಸ್ವಲ್ಪ ಗಟ್ಟಿಯಾಯಿತು. ಎರಡನೆಯದು ಅಚ್ಚಿನಿಂದ ತಾನಾಗಿ ಎದ್ದು ಬಂತು. ಅಕ್ಕ ಒಂದು ಅಚ್ಚನ್ನು ತಿರುವಿ ತಿರುವಿ ನೋಡಿದಳು, ಮೂಸಿದಳು, ಚೂರು ಮುರಿದು ನನ್ನ ಕೈಗಿಟ್ಟಳು. ಇನ್ನೊಂದು ಚೂರನ್ನು ಭಾವನ ಬಲಗೈಯಲ್ಲಿಟ್ಟು, "ಕಣ್ ಮುಚ್ಚಿ ಹೇಳಿ, ಏನಿದು?" ಎಂದಳು.

"ಬೆಲ್ಲ."

"ಗೊತ್ತಾಯ್ತಾ?"

"ಇಲ್ಲ. ವಾಸನೆ ಬಂತು."

ಆ ಸಲ ಅಕ್ಕ ನಕ್ಕಳು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಭಾವ ಕಾಫಿಯ ಲೋಟ ಹಿಡಿದವರು ಅದನ್ನು ತಟ್ಟನೆ ಕೆಳಗಿಟ್ಟರು. ಹೆಬ್ಬೆರಳಿಗೆ ಬಿಸಿ ತಾಗಿತ್ತು. ಮತ್ತೆ ಹಿಡಿದರು, ಮತ್ತೆ ಇಟ್ಟರು. ನನ್ನ ಪುಸ್ತಕದಲ್ಲಿ ಹೆಬ್ಬೆರಳಿನ ಮುಂದೆ ಮೊದಲ ಸಲ "ಇದೆ" ಎಂದು ಬಿತ್ತು. ಆಮೇಲೆ ಹುರುಳಿ ಗೊತ್ತಾಯಿತು. ಸಾಸಿವೆಗೆ ಇನ್ನೂ ಕೆಲವು ವಾರ ಹಿಡಿಯಿತು. ತೋರುಬೆರಳಿನ ತುದಿ ಈಗಲೂ ಮರಗಟ್ಟಿದಂತೆಯೇ ಇದೆ. ಅಲ್ಲಿಗೆ ನರ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಭಾವ ಹೆಬ್ಬೆರಳಿಗೆ ನಡುಬೆರಳನ್ನು ಜೋಡಿಸಿ ಅಭ್ಯಾಸ ಮಾಡಿಕೊಂಡರು.

ಈ ವರ್ಷದ ನೇರಳೆಯನ್ನು ನಾನು ಹಾಲಿನ ಕ್ಯಾನಿನಲ್ಲೂ ಹಾಕಲಿಲ್ಲ. ಹಣ್ಣನ್ನು ಬುಟ್ಟಿಯಲ್ಲಿ ತುಂಬಿ ಕ್ಯಾತನಹಳ್ಳಿಗೆ ಕೊಟ್ಟು, ಆಲೆಮನೆಯ ಕಡೆ ಹೋದೆ. ಪಾಕ ಹದಕ್ಕೆ ಬರುತ್ತಿತ್ತು. ಭಾವ ಬೆರಳನ್ನು ನೀರಿಗೆ ಅದ್ದಿ, ಚಿಟಿಕೆ ತೆಗೆದು, ಮತ್ತೆ ಅದ್ದಿ, ಹೆಬ್ಬೆರಳು ನಡುಬೆರಳಿನಲ್ಲಿ ಉರುಳಿಸಿದರು. ಹಿಂದಿನ ಹಾಗೆ ಎರಡು ಸುತ್ತಿಗೆ ಮುಗಿಸಲಿಲ್ಲ. ನಾಲ್ಕೈದು ಸುತ್ತು ಉರುಳಿಸಿ, ಆ ಉಂಡೆಯನ್ನು ಪಕ್ಕದಲ್ಲಿ ನಿಂತಿದ್ದ ಅಕ್ಕನ ಬಟ್ಟಲಿಗೆ ಹಾಕಿದರು.

"ಏನಂತೀಯ?"

ಅಕ್ಕ ಉಂಡೆಯನ್ನು ಒತ್ತಿ ನೋಡಿದಳು. "ಇನ್ನೊಂದು ಉರಿ ಬೇಕು," ಎಂದಳು.

ಭಾವ ಸೌಟನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿ ಕಾದರು.